ಮೂರು ಸ್ಪೇಡ್ ಎಂದ ಮೇಲೆ

ಹತ್ತನೆಯ ತರಗತಿಯಲ್ಲಿ ಸಂಭವನೀಯತೆಯ ಅಧ್ಯಾಯ ಬಂತೆಂದರೆ ನಾಣ್ಯ, ದಾಳ, ಇಸ್ಪೀಟು ಕಟ್ಟು ಮೂರೂ ಬಂದೇ ಬರುತ್ತವೆ. ಚೆನ್ನಾಗಿ ಕಲೆಸಿದ 52 ಎಲೆಗಳಿಂದ ಒಂದನ್ನು ತೆಗೆದರೆ ಅದು ರಾಜ ಆಗಿರುವ ಸಂಭವನೀಯತೆ ಎಷ್ಟು? 4/52, ಅಂದರೆ 1/13. ಮಕ್ಕಳು ಬರೆಯುತ್ತಾರೆ, ನಾವು ಸರಿ ಗುರುತು ಹಾಕುತ್ತೇವೆ. ಆ 1/13 ಇಟ್ಟುಕೊಂಡು ಮುಂದೇನು ಮಾಡಬೇಕು ಎಂದು ಯಾರೂ ಕೇಳುವುದಿಲ್ಲ. ಅಭ್ಯಾಸ ಬೋಧನೆಗೆ ನನಗೆ ಇದೇ ಘಟಕ ಸಿಕ್ಕಿದಾಗ ಪಾಠಯೋಜನೆಯ ಉದ್ದೇಶಗಳ ಕಾಲಂನಲ್ಲಿ 'ಲೆಕ್ಕ ಹಾಕುವನು', 'ವ್ಯತ್ಯಾಸ ಗುರುತಿಸುವನು' ಎಂದೆಲ್ಲ ಬರೆದೆ. 'ನಿರ್ಧರಿಸುವನು' ಎಂಬ ಕ್ರಿಯಾಪದಕ್ಕೆ ಮಾತ್ರ ಎಲ್ಲೂ ಜಾಗ ಸಿಗಲಿಲ್ಲ. ಅದಕ್ಕೊಂದು ಜಾಗ ಮಾಡಿದ ಎರಡು ಅವಧಿಗಳ ಬಗ್ಗೆ ಈ ಬರಹ. ಸಾಮಗ್ರಿ ಬಂದದ್ದು ಮಾತ್ರ ಬಿಎಡ್‌ನಿಂದಲ್ಲ, ನನ್ನ ಸೋದರಮಾವನಿಂದ.

ಮಾವ ಬ್ಯಾಂಕಿನಿಂದ ನಿವೃತ್ತರು, ನಲವತ್ತು ವರ್ಷದಿಂದ ಬ್ರಿಡ್ಜ್ ಆಡುವವರು. 2020ರ ಲಾಕ್‌ಡೌನಿನಲ್ಲಿ ಅವರ ಗೆಳೆಯರೆಲ್ಲ ಅವರವರ ಮನೆಯಲ್ಲಿ ಸಿಕ್ಕಿಹಾಕಿಕೊಂಡಾಗ, ಜೊತೆಗಾರರಿಲ್ಲದೆ ನನಗೆ ಕಲಿಸಿದರು. ಅಮ್ಮನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ನಮ್ಮ ಕಡೆ ಹಬ್ಬದ ರಾತ್ರಿ ಗಂಡಸರು ಕೂತು ದುಡ್ಡಿಟ್ಟು ಆಡುವುದೇ ಇಸ್ಪೀಟು. ಹೆಣ್ಣುಮಕ್ಕಳಿಗೆ ಹೆಚ್ಚೆಂದರೆ ಬೇಸಿಗೆ ರಜೆಯ 'ಕತ್ತೆ' ಆಟ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್ ಎಂಬ ಇಬ್ಬರು ಹಿರಿಯರು ಬ್ರಿಡ್ಜಿನಲ್ಲಿ ಭಾರತಕ್ಕೆ ಚಿನ್ನ ತಂದರು ಎಂದು ಮಾವ ಹೇಳಿದರೆ, "ಚಿನ್ನ ಗೆದ್ದೋರು ಇಬ್ಬರು, ಕಳ್ಕೊಂಡೋರು ಎಷ್ಟು ಜನ?" ಎಂದು ಅಮ್ಮ ಕೇಳುತ್ತಿದ್ದಳು. ಸಂಭವನೀಯತೆಯ ದೃಷ್ಟಿಯಿಂದ ಅದು ಒಳ್ಳೆಯ ಪ್ರಶ್ನೆಯೇ.

ಆಟ ಗೊತ್ತಿಲ್ಲದವರಿಗೆ ಬೇಕಾದಷ್ಟು ಹೇಳುತ್ತೇನೆ. ನಾಲ್ಕು ಜನ, ಎದುರುಬದುರು ಕೂತವರು ಜೊತೆಗಾರರು. ತಲೆಗೆ 13 ಎಲೆ. ನಾಲ್ವರೂ ಒಂದೊಂದು ಎಲೆ ಹಾಕಿ ಸುತ್ತು ಮುಗಿದರೆ ಒಂದು ಟ್ರಿಕ್. ಒಟ್ಟು 13 ಟ್ರಿಕ್. ಆಡುವ ಮೊದಲು ಹರಾಜು ನಡೆಯುತ್ತದೆ. 'ಇಂಥ ತುರುಪಿನಲ್ಲಿ ನಾವು ಇಷ್ಟು ಟ್ರಿಕ್ ಮಾಡುತ್ತೇವೆ' ಎಂಬ ಕೂಗಿಗೆ ಬಿಡ್ ಎನ್ನುತ್ತಾರೆ. ಆರರ ಮೇಲೆ ಎಷ್ಟು ಎಂಬುದನ್ನಷ್ಟೇ ಹೇಳುವುದು ರೂಢಿ. 'ನಾಲ್ಕು ಹಾರ್ಟ್' ಎಂದರೆ ಹಾರ್ಟ್ ತುರುಪು, ಹತ್ತು ಟ್ರಿಕ್. ಕ್ಲಬ್, ಡೈಮಂಡ್, ಹಾರ್ಟ್, ಸ್ಪೇಡ್, ತುರುಪಿಲ್ಲದ ನೋ ಟ್ರಂಪ್, ಹೀಗೆ ಐದು. ಒಂದರಿಂದ ಏಳರವರೆಗೆ ಮೆಟ್ಟಿಲು. 5 × 7, ಒಟ್ಟು 35 ಬಿಡ್. ಏಣಿಯ ಹಾಗೆ ಮೇಲೆ ಮಾತ್ರ ಹೋಗಬಹುದು, ಕೆಳಗಿಳಿಯುವಂತಿಲ್ಲ. ಜೊತೆಗಾರರು ಒಬ್ಬರಿಗೊಬ್ಬರು ಎಲೆ ತೋರಿಸುವಂತಿಲ್ಲ, ಕಣ್ಣು ಮಿಟುಕಿಸುವಂತಿಲ್ಲ. ಕೈಯಲ್ಲೇನಿದೆ ಎಂದು ತಿಳಿಸಲು ಇರುವ ಭಾಷೆ ಈ 35 ಶಬ್ದ, ಜೊತೆಗೆ 'ಪಾಸ್', 'ಡಬಲ್', 'ರೀಡಬಲ್'. ಅಷ್ಟೇ.

ಈ ಭಾಷೆಯನ್ನು ಎದುರಾಳಿ ಹಾಳುಮಾಡಬಹುದು. ಅವನ ಕೈಯಲ್ಲಿ ದೊಡ್ಡ ಎಲೆಗಳು ಹೆಚ್ಚಿಲ್ಲ, ಆದರೆ ಒಂದೇ ಬಣ್ಣದ ಏಳು ಎಲೆ ಇವೆ ಎನ್ನಿ. ನನ್ನ ಜೊತೆಗಾರರು 'ಒಂದು ಡೈಮಂಡ್' ಎಂದು ಮಾತು ಶುರುಮಾಡುತ್ತಿದ್ದಂತೆಯೇ ಅವನು 'ಮೂರು ಸ್ಪೇಡ್' ಎಂದು ನೆಗೆಯುತ್ತಾನೆ. ಇದಕ್ಕೆ ಪ್ರೀಎಂಪ್ಟ್ ಎನ್ನುತ್ತಾರೆ. ಒಂಬತ್ತು ಟ್ರಿಕ್ ತನ್ನಿಂದಾಗದು ಎಂಬುದು ಅವನಿಗೂ ಗೊತ್ತು. ಎರಡು ಕಡಿಮೆಯಾಗಿ ನಾವು ಡಬಲ್ ಮಾಡಿದ್ದರೂ ಅವನು ತೆರುವುದು 300 ಅಂಕ. ನಾವು ನೆಮ್ಮದಿಯಾಗಿ ಮಾತಾಡಿ ನಾಲ್ಕು ಹಾರ್ಟ್ ಮಾಡಿಕೊಂಡಿದ್ದರೆ ನಮಗೆ 420. ಹಾಗಾಗಿ ಸೋತೇ ಉಳಿಸಿಕೊಳ್ಳುವ ಲೆಕ್ಕಾಚಾರ ಅದು.

ಎಷ್ಟು ಜಾಗ ಹೋಯಿತು ಎಂದು ಎಣಿಸಿದರೆ ಗಣಿತದವರಿಗೆ ಖುಷಿಯಾಗುತ್ತದೆ. ಒಂದು ಡೈಮಂಡ್ ಏಣಿಯ ಎರಡನೇ ಮೆಟ್ಟಿಲು, ನಾಲ್ಕು ಹಾರ್ಟ್ ಹದಿನೆಂಟನೆಯದು. ನಡುವೆ 15 ಮೆಟ್ಟಿಲು. ಮೂರು ಸ್ಪೇಡ್ ಹದಿನಾಲ್ಕನೆಯದು. ಅಲ್ಲಿಂದ ನಾಲ್ಕು ಹಾರ್ಟಿನ ನಡುವೆ ಉಳಿಯುವುದು ಮೂರೇ. ಪ್ರತಿ ಮೆಟ್ಟಿಲನ್ನೂ ತುಳಿಯಬಹುದು, ದಾಟಬಹುದು. ಹಾಗಾಗಿ ಮೊದಲು 2ರ ಘಾತ 15, ಅಂದರೆ 32,768 ದಾರಿಗಳಿದ್ದವು. ಈಗ 2ರ ಘಾತ 3, ಅಂದರೆ 8. ಪಾಸ್, ಡಬಲ್‌ಗಳನ್ನು ಬಿಟ್ಟು ಮಾಡಿದ ಒರಟು ಲೆಕ್ಕ ಇದು. ಎದುರಿನವನು ಎರಡು ಶಬ್ದ ಆಡಿ ನಮ್ಮ ನಿಘಂಟಿನ ಬಹುಪಾಲು ಹರಿದುಹಾಕಿದ ಎಂಬುದಕ್ಕೆ ಇಷ್ಟು ಸಾಕು.

ಮಾವನಿಗೆ ಒಂದು ದಿನ ಬಂದ ಕೈ ಇದು:

ಸ್ಪೇಡ್: 6, 2
ಹಾರ್ಟ್: ರಾಜ, ರಾಣಿ, 8, 7, 3
ಡೈಮಂಡ್: ರಾಜ, 5
ಕ್ಲಬ್: ಎಕ್ಕ, 8, 6, 4

ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1, ಹೀಗೆ ಎಣಿಸಿದರೆ ಮಾವನ ಬಳಿ 12 ಪಾಯಿಂಟ್. ಇಡೀ ಕಟ್ಟಿನಲ್ಲಿರುವುದು 40. ಜೊತೆಗಾರಳು ನಾನು. ಒಂದು ಡೈಮಂಡ್ ಎಂದು ತೆರೆದಿದ್ದೆನೆಂದರೆ ನನ್ನ ಬಳಿಯೂ 12ರ ಸುಮಾರು ಇರಲೇಬೇಕು. ಇಬ್ಬರದೂ ಸೇರಿದರೆ 24ಕ್ಕೆ ಕಡಿಮೆಯಿಲ್ಲ. ಹತ್ತು ಟ್ರಿಕ್‌ಗೆ 25, 26 ಇದ್ದರೆ ಸಾಮಾನ್ಯವಾಗಿ ಧೈರ್ಯ ಮಾಡಬಹುದು. ಬಲಗಡೆಯವರು ಮೂರು ಸ್ಪೇಡ್ ಎಂದಿದ್ದಾರೆ. ಈಗೇನು?

ಪಾಸ್ ಎಂದರೆ ಇಷ್ಟು ಪಾಯಿಂಟ್ ಇಟ್ಟುಕೊಂಡು ಸುಮ್ಮನೆ ಕೂತಂತೆ. ಮೂರು ನೋ ಟ್ರಂಪ್ ಎನ್ನಲು ಸ್ಪೇಡಿನಲ್ಲಿ ತಡೆ ಇಲ್ಲ. ಉಳಿದದ್ದು ಎರಡು. ನಾಲ್ಕು ಹಾರ್ಟ್ ಎಂದು ನೇರವಾಗಿ ಹೇಳುವುದು ಒಂದು. ಡಬಲ್ ಎನ್ನುವುದು ಇನ್ನೊಂದು. ಡಬಲ್ ಎಂದರೆ ಹಿಂದೆ 'ನೀವು ಸೋಲುತ್ತೀರಿ, ದಂಡ ಎರಡರಷ್ಟಾಗಲಿ' ಎಂದಷ್ಟೇ ಅರ್ಥವಿತ್ತು. 1957ರಲ್ಲಿ ಅಮೆರಿಕದ ಆಲ್ವಿನ್ ರಾತ್ ಇಂಥ ಸಂದರ್ಭದ ಡಬಲ್ಲಿಗೆ ಬೇರೆಯೇ ಅರ್ಥ ಕೊಟ್ಟರು: 'ನನ್ನಲ್ಲಿ ಪಾಯಿಂಟ್ ಇವೆ, ನೀವು ಯಾರೂ ಹೇಳದ ಬಣ್ಣಗಳಿವೆ, ಎಲ್ಲಿಗೆ ಹೋಗಬೇಕೋ ನೀನೇ ಹೇಳು'. ಅದೇ ವರ್ಷ ರಷ್ಯಾದವರು ಸ್ಪುಟ್ನಿಕ್ ಹಾರಿಸಿದ್ದರಿಂದ ಇದಕ್ಕೆ ಸ್ಪುಟ್ನಿಕ್ ಡಬಲ್ ಎಂಬ ಹೆಸರೂ ಬಂತು. ಈಗ ನೆಗೆಟಿವ್ ಡಬಲ್ ಎನ್ನುತ್ತಾರೆ. ಎದುರಾಳಿ ಹರಿದುಹಾಕಿದ ನಿಘಂಟಿನಲ್ಲಿ ಉಳಿದಿದ್ದ ಒಂದು ಹಳೆಯ ಶಬ್ದಕ್ಕೆ ಹೊಸ ಅರ್ಥ ತುಂಬಿದ್ದು ನನಗೆ ಈ ಆಟದಲ್ಲೇ ಅತ್ಯಂತ ಇಷ್ಟವಾದ ಸಂಗತಿ.

ಮಾವ ನಾಲ್ಕು ಹಾರ್ಟ್ ಎಂದರು. ನನ್ನ ಕೈಯಲ್ಲಿ ಹಾರ್ಟ್ ಇದ್ದದ್ದು ಒಂದೇ ಒಂದು, ಅದೂ ನಾಲ್ಕು. ಅವರ ಎಡಗಡೆಯವರ ಬಳಿ ಎಕ್ಕ ಸೇರಿ ಐದು ಹಾರ್ಟ್ ಗುಂಪಾಗಿ ಕೂತಿದ್ದವು. ಎರಡು ಟ್ರಿಕ್ ಕಡಿಮೆಯಾಯಿತು. ಡಬಲ್ ಎಂದಿದ್ದರೆ ಸ್ಪೇಡ್ ಎಕ್ಕ, ಉದ್ದದ ಡೈಮಂಡ್ ಇದ್ದ ನಾನು ಮೂರು ನೋ ಟ್ರಂಪ್ ಎನ್ನುತ್ತಿದ್ದೆ. ಎಲೆಗಳು ಕೂತಿದ್ದ ರೀತಿಗೆ ಅದು ಆಗುತ್ತಿತ್ತು. ಆಟ ನೋಡುತ್ತಿದ್ದವರೊಬ್ಬರು, "ಡಬಲ್ ಅನ್ಬೇಕಿತ್ತು ಸಾರ್" ಎಂದರು. ಮಾವ ಎಲೆ ಜೋಡಿಸುತ್ತ, "ನಾಳೆ ಇದೇ ಕೈ ಬಂದ್ರೆ ನಾಳೇನೂ ನಾಲ್ಕು ಹಾರ್ಟೇ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೋಡೇ, ನಾನು ಡಬಲ್ ಅಂದ್ರೆ ನಿನ್ನ ಹತ್ರ ಮೂರು ಹಾರ್ಟ್ ಇದ್ರೂ ನೀನು ಹೇಳಲ್ಲ, ನನ್ನ ಹತ್ರ ನಾಲ್ಕೇ ಇದೆ ಅಂದ್ಕೋತೀಯ. ಅಷ್ಟ್ರಲ್ಲಿ ಆ ಕಡೆಯೋನು ನಾಲ್ಕು ಸ್ಪೇಡ್ ಅಂದ್ಬಿಟ್ರೆ ನನ್ನ ಐದು ಹಾರ್ಟ್ ಹೊಟ್ಟೆಯಲ್ಲೇ ಉಳ್ಕೊಳುತ್ತೆ" ಎಂದರು. ಆಗಿದ್ದು ಏನು ಎಂಬುದನ್ನು ಅವರು ಒಂದು ಮಾತಿನಲ್ಲೂ ವಾದಕ್ಕೆ ತರಲಿಲ್ಲ. ಗೊತ್ತಿದ್ದದ್ದರ ಮೇಲೆ ಮಾತ್ರ ಮಾತಾಡಿದರು.

ನನ್ನ ಅಭಿಪ್ರಾಯ ಡಬಲ್ಲಿನ ಕಡೆಗಿದೆ. ಪೇಚು ಎಲ್ಲಿದೆ ಎಂದರೆ, ಫಲಿತಾಂಶವೂ ನನ್ನ ಕಡೆಗೇ ಇತ್ತು. ಅದನ್ನು ಸಾಕ್ಷಿಯಾಗಿ ಬಳಸಿದರೆ ಮಾವನ ಮುಂದೆ ನನ್ನ ವಾದಕ್ಕೆ ಬೆಲೆಯಿಲ್ಲ. ಎಲೆ ತಿರುಗಿಸುವ ಮೊದಲು ಏನು ಗೊತ್ತಿತ್ತೋ ಅದರಿಂದಲೇ ಡಬಲ್ಲನ್ನು ಸಮರ್ಥಿಸಬೇಕು. ತರಗತಿಗೆ ಒಯ್ಯಬೇಕಾದದ್ದು ಇದೇ ಎನಿಸಿತು.

ಒಯ್ಯುವುದೇನು ಸುಲಭವಿರಲಿಲ್ಲ. ಅಭ್ಯಾಸ ಶಾಲೆಯ ಮುಖ್ಯ ಶಿಕ್ಷಕರು, "ಪುಸ್ತಕದಲ್ಲಿದೆ, ನಿಜ. ಆದ್ರೆ ಕಟ್ಟು ತರಗತಿಗೆ ಬರೋದು ಬೇಡಮ್ಮ, ಪೋಷಕರಿಗೆ ಏನು ಹೇಳೋಣ?" ಎಂದರು. ರಮ್ಮಿ ಕೌಶಲದ ಆಟ ಎಂದು 1960ರ ದಶಕದ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಅದರಲ್ಲಿರುವ ಅದೃಷ್ಟವನ್ನು ಬ್ರಿಡ್ಜಿನ ಅದೃಷ್ಟಕ್ಕೇ ಹೋಲಿಸಿತ್ತು ಎಂಬುದು ನನಗೆ ನೆನಪಿತ್ತು, ಆದರೆ ಮುಖ್ಯ ಶಿಕ್ಷಕರಿಗೆ ತೀರ್ಪು ಓದಿ ಹೇಳುವ ಸ್ಥಾನದಲ್ಲಿ ಪ್ರಶಿಕ್ಷಣಾರ್ಥಿ ಇರುವುದಿಲ್ಲ. ಡ್ರಾಯಿಂಗ್ ಶೀಟ್ ಕತ್ತರಿಸಿ, ಸ್ಕೆಚ್ ಪೆನ್ನಿನಲ್ಲಿ ನಾಲ್ಕು ಆಕಾರ ಬರೆದು 52 ಚೀಟಿ ಮಾಡಿದೆ. ಕಲಿಕಾ ಉಪಕರಣ ಎಂದು ಕರೆದ ಮೇಲೆ ಯಾರೂ ಏನೂ ಅನ್ನಲಿಲ್ಲ.

ಬ್ರಿಡ್ಜ್ ಕಲಿಸಲು ಹೋಗಲಿಲ್ಲ. ಬೇಕಾದದ್ದು ಒಂದೇ ಪ್ರಶ್ನೆ: ನಿಮ್ಮ 13 ಚೀಟಿ ಇಲ್ಲಿವೆ, ಅದರಲ್ಲಿ ಐದು ಹಾರ್ಟ್. ಕಾಣದ 39 ಚೀಟಿಗಳಲ್ಲಿ ಎಂಟು ಹಾರ್ಟ್. ಮೂವರಿಗೆ 13ರಂತೆ ಹಂಚಿವೆ. ನಿಮ್ಮ ಜೊತೆಗಾರರ ಬಳಿ ಸರಾಸರಿ ಎಷ್ಟು ಹಾರ್ಟ್? 8/3, ಎರಡೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಇಷ್ಟು ಎಲ್ಲರಿಗೂ ಬಂತು. ಆಮೇಲೆ ಕೇಳಿದೆ: ಆ ಮೂವರಲ್ಲಿ ಎದುರಾಳಿಯೊಬ್ಬ 'ನನ್ನ ಹತ್ತಿರ ಏಳು ಸ್ಪೇಡ್ ಇವೆ' ಎಂದ. ಈಗ ಜೊತೆಗಾರರ ಬಳಿ ಎಷ್ಟು ಹಾರ್ಟ್?

ಹೆಚ್ಚಿನವರು ಮತ್ತೆ 8/3 ಬರೆದರು. "ಅವನು ಹೇಳಿದ್ದು ಸ್ಪೇಡ್ ಬಗ್ಗೆ ಮಿಸ್, ನೀವು ಕೇಳ್ತಿರೋದು ಹಾರ್ಟ್ ಬಗ್ಗೆ" ಎಂಬುದು ಅವರ ವಾದ. ಈ ಘಟಕ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳು ಇದನ್ನು ಗುರುತು ಹಾಕಿಕೊಳ್ಳಬೇಕು. ಒಂದರ ಬಗ್ಗೆ ಸಿಕ್ಕ ಸುದ್ದಿ ಇನ್ನೊಂದನ್ನೂ ಮುಟ್ಟುತ್ತದೆ ಎಂಬುದು ಸೂತ್ರದಿಂದ ಹೊಳೆಯುವುದಿಲ್ಲ. ನಾನು ಬೋರ್ಡಿನ ಮೇಲೆ ಮೂರು ಪೆಟ್ಟಿಗೆ ಬರೆದು ಖಾನೆ ಹಾಕುತ್ತಿದ್ದೆ. ಎರಡನೇ ಬೆಂಚಿನ ಹುಡುಗನೊಬ್ಬ ಎದ್ದು, "ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗಲ್ವಾ ಮಿಸ್?" ಎಂದ. ಮೂರು ಬಸ್ಸು, ಒಂದೊಂದರಲ್ಲಿ 13 ಸೀಟು. ಒಂದು ಬಸ್ಸಿನ ಏಳು ಸೀಟಿಗೆ ಆಗಲೇ ಸ್ಪೇಡಿನವರು ಟವೆಲ್ ಹಾಕಿದ್ದಾರೆ. ಅಲ್ಲಿ ಖಾಲಿ ಇರುವುದು ಆರೇ. ಹಾರ್ಟಿನವರು ಅಲ್ಲಿಗೆ ಕಡಿಮೆ ಹತ್ತಿ, ಉಳಿದೆರಡು ಬಸ್ಸಿಗೆ ಹೆಚ್ಚು ಹತ್ತಬೇಕು. ಊರ ಜಾತ್ರೆಗೆ ಬಸ್ಸು ಹತ್ತಿದ ಮಕ್ಕಳಿಗೆ ಇದಕ್ಕಿಂತ ವಿವರಣೆ ಬೇಕಿರಲಿಲ್ಲ. ನನ್ನ ಪೆಟ್ಟಿಗೆಗಳನ್ನು ಅಳಿಸಿ ಚಕ್ರ ಬರೆದೆ.

ಲೆಕ್ಕ ಹೀಗೆ ಹೋಯಿತು. ಸ್ಪೇಡ್ ಅಲ್ಲದ, ನಮಗೆ ಕಾಣದ ಎಲೆಗಳು 28. ಅದರಲ್ಲಿ ಹಾರ್ಟ್ 8. ಟವೆಲ್ ಬಸ್ಸಿನ ಆರು ಸೀಟಿಗೆ ಸರಾಸರಿ 8 × 6/28, ಅಂದರೆ 12/7 ಹಾರ್ಟ್. ಉಳಿದ 44/7 ಎರಡು ಬಸ್ಸಿಗೆ ಸಮನಾಗಿ. ಜೊತೆಗಾರರಿಗೆ 22/7. ಅದನ್ನು ಬರೆದ ಕೂಡಲೇ ಅರ್ಧ ತರಗತಿ "ಪೈ!" ಎಂದು ಕೂಗಿತು. ಇಲ್ಲಿ ವೃತ್ತವೇನೂ ಇಲ್ಲ, ಸಂಖ್ಯೆಗಳು ಹಾಗೆ ಬಂದವು ಅಷ್ಟೇ ಎಂದು ನಂಬಿಸಲು ಎರಡು ನಿಮಿಷ ಹೋಯಿತು. ಹಿಂದೆ ಕೂತಿದ್ದ ಉಸ್ತುವಾರಿ ಉಪನ್ಯಾಸಕರೂ ನಕ್ಕರು. 2.67 ಇದ್ದದ್ದು 3.14 ಆಯಿತು: ನಮ್ಮ ಮಾತಿನ ಜಾಗ ಕಸಿದುಕೊಂಡವನೇ ಹಾರ್ಟ್ ಎಲ್ಲಿರಬಹುದು ಎಂಬ ಸುದ್ದಿಯನ್ನೂ ಕೊಟ್ಟು ಹೋಗಿದ್ದ.

ತರಗತಿಯಲ್ಲಿ ಇಲ್ಲಿಗೆ ನಿಲ್ಲಿಸಿದೆ. ನನ್ನ ಡಬಲ್ಲಿಗೆ ಬೇಕಾದ ಮುಂದಿನ ಹೆಜ್ಜೆಯನ್ನು ಮನೆಯಲ್ಲಿ ಮಾಡಿದ್ದೆ. ಜೊತೆಗಾರರು ಒಂದು ಡೈಮಂಡ್ ಎಂದಾಗ ಅವರೂ ತಮ್ಮ ಬಸ್ಸಿನಲ್ಲಿ ಕನಿಷ್ಠ ನಾಲ್ಕು ಸೀಟಿಗೆ ಟವೆಲ್ ಹಾಕಿದಂತೆ. ಅದನ್ನೂ ಸೇರಿಸಿದರೆ ಅವರ ಹಾರ್ಟ್ ಸರಾಸರಿ ಸುಮಾರು 2.45ಕ್ಕೆ ಇಳಿಯುತ್ತದೆ. ಎದುರಾಳಿ ಬಾಯಿ ತೆರೆಯದಿದ್ದರೆ ಇನ್ನೂ ಕಡಿಮೆ, ಸುಮಾರು 2.06. ಮೂರರ ಮೇಲೆ ಭರವಸೆ ಇಡುವಂತಿಲ್ಲ, ಹಾಗಾಗಿ ಡಬಲ್. ಇದನ್ನು ಮಾವನಿಗೆ ತೋರಿಸಿದಾಗ, "2.45 ಅಂದ್ರೆ ಮೂರು ಇರೋದೂ ಸಾಕಷ್ಟು ಸಲ ಆಯ್ತಲ್ಲ" ಎಂದು ಕಾಗದ ವಾಪಸ್ ಕೊಟ್ಟರು. ವಾದ ಇನ್ನೂ ಮುಗಿದಿಲ್ಲ.

ಎರಡನೇ ಅವಧಿಯಲ್ಲಿ ಮಾವನ ಕೈಯನ್ನು ಬೋರ್ಡಿನ ಮೇಲೆ ಬರೆದು, ಪಾಯಿಂಟ್ ಲೆಕ್ಕ ಹೇಳಿ, ಪಾಸ್, ಡಬಲ್, ನಾಲ್ಕು ಹಾರ್ಟ್ ಮೂರರಲ್ಲಿ ಒಂದನ್ನು ಆರಿಸಿ ಕಾರಣ ಬರೆಯಲು ಹೇಳಿದೆ. ನಾಲ್ಕು ಅಂಕ. ಆಯ್ಕೆಗೆ ಸೊನ್ನೆ, ಗೊತ್ತಿರುವುದನ್ನು ಪಟ್ಟಿಮಾಡಿದ್ದಕ್ಕೆ ಎರಡು, ಅದರಿಂದ ಆಯ್ಕೆಗೆ ಬಂದ ದಾರಿಗೆ ಎರಡು. ಹಾಳೆಗಳನ್ನು ಸಂಗ್ರಹಿಸಿ ಮೇಜಿನ ಮೇಲಿಟ್ಟ ಮೇಲೆಯೇ ಉಳಿದ ಮೂರು ಕೈ ತೋರಿಸಿದೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಜೊತೆಗಾರರ ಒಂಟಿ ಹಾರ್ಟ್ ಕಂಡ ತಕ್ಷಣ ನಾಲ್ಕು ಹಾರ್ಟ್ ಬರೆದಿದ್ದವರೆಲ್ಲ "ಮಿಸ್, ಒಂದ್ ನಿಮಿಷ ಪೇಪರ್ ಕೊಡಿ" ಎಂದು ಎದ್ದರು. ಅವರಲ್ಲಿ ಒಬ್ಬಳಿಗೆ ಪೂರ್ಣ ನಾಲ್ಕು ಅಂಕ ಬಂದಿತ್ತು. ಡಬಲ್ ಬರೆದು "ಹಾಗೆ ಅನಿಸಿತು" ಎಂದವನಿಗೆ ಒಂದೂ ಬರಲಿಲ್ಲ. ಅವನು ಗೆದ್ದೂ ಸೊನ್ನೆ ಪಡೆದದ್ದು ತರಗತಿಗೆ ದೊಡ್ಡ ಅನ್ಯಾಯವಾಗಿ ಕಂಡಿತು. ಗಣಿತದ ಮೇಷ್ಟ್ರು ಸಿಬ್ಬಂದಿ ಕೊಠಡಿಯಲ್ಲಿ, "ಬೋರ್ಡ್ ಪರೀಕ್ಷೇಲಿ ಇದಕ್ಕೆ ಉತ್ತರ ಸೂಚಿ ಹೇಗೆ ಮಾಡ್ತಾರಮ್ಮ?" ಎಂದು ಕೇಳಿದರು. ಮಾಡುವುದು ಕಷ್ಟ ಎಂದೆ. ಅದಕ್ಕೇ ತರಗತಿಯಲ್ಲಾದರೂ ಇರಬೇಕು ಎಂಬುದು ನನ್ನ ಅನಿಸಿಕೆ. ಅವರಿಗೆ ಅದು ಒಪ್ಪಿಗೆಯಾದಂತೆ ಕಾಣಲಿಲ್ಲ.

ಪಾಸ್ ಬರೆದವರು ಕೆಲವರೇ. ಅವರಲ್ಲಿ ಒಬ್ಬಳು ಮೊದಲ ಅವಧಿಯಲ್ಲಿ ಚೀಟಿಗಳನ್ನು ಮುಟ್ಟಲೇ ಇಲ್ಲ. ಡ್ರಾಯಿಂಗ್ ಶೀಟಾದರೂ ಅವಳಿಗೆ ಅವು ಇಸ್ಪೀಟೇ. "ನಮ್ಮನೇಲಿ ಇದ್ರಿಂದ ತುಂಬಾ ಆಗಿದೆ ಮಿಸ್" ಎಂದು ಮೆಲ್ಲಗೆ ಹೇಳಿದಳು. ನಲವತ್ತು ನಿಮಿಷದ ಅವಧಿ, ಹಿಂದೆ ವೀಕ್ಷಣಾ ಪುಸ್ತಕ ತೆರೆದು ಕೂತ ಉಪನ್ಯಾಸಕರು, ಸುತ್ತ ಕಿವಿಗೊಟ್ಟ ಮಕ್ಕಳು. ಏನಾಗಿದೆ ಎಂದು ಕೇಳಲು ಅಲ್ಲಿ ಜಾಗವಿರಲಿಲ್ಲ. ಇಷ್ಟು ಹೇಳಿದ್ದೇ ಬಹಳ ಎಂಬುದು ಮಾತ್ರ ಗೊತ್ತಿತ್ತು. ಸೀಮೆಸುಣ್ಣ ಅವಳ ಕೈಗೆ ಕೊಟ್ಟು, ಬಸ್ಸುಗಳ ಲೆಕ್ಕ ಬೋರ್ಡಿನಲ್ಲಿ ಬರೆಯಲು ಕರೆದೆ. ಬಂದಳು. ಅಕ್ಷರ ದುಂಡಗಿತ್ತು.

ಅವಳ ಹಾಳೆಯಲ್ಲಿ ಹೀಗಿತ್ತು: "ಎದುರಿನವರು ಜೋರಾಗಿ ಹೇಳಿದ್ದಾರೆಂದು ನಾವೂ ಜೋರಾಗಿ ಹೇಳಬಾರದು. ಪಾಸ್." 24 ಪಾಯಿಂಟ್, 22/7 ಎರಡನ್ನೂ ಮೇಲೆ ಸರಿಯಾಗಿ ಬರೆದಿದ್ದಳು, ಆದರೆ ಕೆಳಗಿನ ವಾಕ್ಯ ಅವುಗಳನ್ನು ಮುಟ್ಟಿರಲಿಲ್ಲ. ಪಟ್ಟಿಗೆ ಎರಡು ಕೊಟ್ಟು, ದಾರಿಗೆ ಸೊನ್ನೆ ಹಾಕಿ, '24 ಇರುವಾಗ ಪಾಸ್ ಏಕೆ?' ಎಂದು ಕೆಳಗೆ ಬರೆದೆ. ಮಾರನೇ ದಿನ ಊಟದ ಬಿಡುವಿನಲ್ಲಿ ಹಾಳೆ ಹಿಡಿದು ಬಂದಳು.

"ಮಿಸ್, 24 ಅನ್ನೋದರಲ್ಲಿ ಹನ್ನೆರಡು ನಮ್ಮ ಜೊತೆಗಾರರದ್ದು. ಅವರು ಇದೆ ಅಂದ್ರು, ನಾವು ನೋಡಿಲ್ಲ. ಅವರು ಸುಳ್ಳು ಹೇಳಿದ್ರೆ?"

ತರಗತಿಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಮ್ಮ ಲೆಕ್ಕವೆಲ್ಲ ಅದರ ಮೇಲೇ ನಿಂತಿತ್ತು. ಬ್ರಿಡ್ಜಿನಲ್ಲಿ ಯಾವ ಮಾತಿಗೆ ಏನು ಅರ್ಥ ಎಂದು ಜೊತೆಗಾರರು ಮೊದಲೇ ಒಪ್ಪಂದ ಮಾಡಿಕೊಂಡಿರುತ್ತಾರೆ, ಅದು ಗುಟ್ಟಾಗಿರುವಂತಿಲ್ಲ, ಎದುರಾಳಿಗಳು ಕೇಳಿದರೆ ಹೇಳಲೇಬೇಕು ಎಂದೆ. ದುಡ್ಡಿಟ್ಟು ಆಡಬೇಕೆಂದೇನೂ ಇಲ್ಲ, ನಾನೂ ಮಾವನೂ ಆಡುವುದು ಹಾಗೇ ಎಂದೂ ಹೇಳಿದೆ. ಅವಳು ನಾನು ಕೆಂಪು ಶಾಯಿಯಲ್ಲಿ ಬರೆದಿದ್ದನ್ನು ಇನ್ನೊಮ್ಮೆ ಓದಿದಳು.

"ಯೋಚನೆ ಮಾಡಿ ಬರೆದು ಕೊಡ್ತೀನಿ ಮಿಸ್" ಎಂದು ಹಾಳೆ ಮಡಿಚಿಕೊಂಡು ಹೋದಳು. ಆ ಶನಿವಾರ ನಮ್ಮ ಅಭ್ಯಾಸ ಬೋಧನೆ ಮುಗಿಯಿತು. ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಎರಡು ಎಂದೇ ಇದೆ, ಪೆನ್ಸಿಲಿನಲ್ಲಿ.